ನೀರು ಮುಟ್ಟದ ಜಾಗ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಶಾಲೆಯ ಪುಟ್ಟಮಾದಪ್ಪ ಮೇಷ್ಟ್ರು. ಅವರು ಇದನ್ನು ಬೆಟ್ಟದ ತಪ್ಪಲಿನ ಮಠದಲ್ಲಿ ಗುರುಗಳ ಬಾಯಿಂದಲೇ ಕೇಳಿದ್ದರು. ಕತೆ ಹುಟ್ಟಿದ್ದು ಮೇಷ್ಟ್ರದೇ ಒಂದು ಪ್ರಶ್ನೆಯಿಂದ. ಗುರುಗಳನ್ನು ನಮ್ಮ ಕಡೆ ಬುದ್ಧಿ ಎಂದು ಕರೆಯುವುದು ರೂಢಿ. ಮೇಷ್ಟ್ರು ಅಡ್ಡಬಿದ್ದು ಎದ್ದು ಕೇಳಿದರಂತೆ:

"ಬುದ್ಧಿ, ಒಮ್ಮೆ ನಂಬಿದ ಮೇಲೆ ಮತ್ತೆ ಕೇಳುವುದು ಪಾಪವೇ?"

ಗುರುಗಳು ಪಾಪ ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಕೂರಲು ಕೈತೋರಿಸಿ ಹೀಗೆ ಹೇಳಿದರು.

ಒಂದು ಊರು. ಊರಿನ ನೆತ್ತಿಗೆ ಒಂದು ಕೆರೆ. ಕೆರೆಗೆ ಮಣ್ಣಿನ ಏರಿ. ಆ ಏರಿಯನ್ನು ಯಾರು ಕಟ್ಟಿಸಿದರೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಏರಿಯ ಹೊರಬುಡದಲ್ಲಿ ಜೊಂಡು ಬೆಳೆಯಿತು. ಸುತ್ತ ಹುಲ್ಲೆಲ್ಲ ಒಣಗಿದ್ದರೂ ಜೊಂಡು ಮಾತ್ರ ಹಸಿರಾಗಿತ್ತು. ಬೇಸಿಗೆಯಲ್ಲಿ ಜೊಂಡು ಬೆಳೆಯಬೇಕಾದರೆ ಒಳಗಿನಿಂದ ನೀರು ಬರುತ್ತಿರಬೇಕು. ಇದು ಎಲ್ಲರಿಗೂ ತಿಳಿಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆ ದಾರಿಯಲ್ಲಿ ದನ ಹೊಡೆಯುವುದನ್ನು ಮಾತ್ರ ಬಿಟ್ಟರು.

ಕೊನೆಗೆ ಸರಕಾರದಿಂದ ಏರಿ ನೋಡಲು ಬಂದವರು, ಇದನ್ನು ಸರಿಮಾಡಲು ಎರಡು ವರ್ಷ ಬೇಕು ಎಂದರು. ಮಳೆಗೆ ನಾಲ್ಕೇ ತಿಂಗಳಿತ್ತು. ನೀರು ಬಂದರೆ ಓಡಿ ಹತ್ತಲು ಗುಡ್ಡವೊಂದಿತ್ತು, ಆದರೆ ಅದು ಹಳ್ಳದ ಆಚೆ, ದೂರ. ಊರ ಹಿರಿಯ ಎಲ್ಲರನ್ನೂ ಕೂಡಿಸಿ ಹೇಳಿದ:

"ಗುಡ್ಡದವರೆಗೆ ನಾನೇ ಓಡಲಾರೆ. ಊರಿನೊಳಗೇ ನೀರು ಮುಟ್ಟದ ಒಂದು ಜಾಗ ನೋಡೋಣ. ಅಲ್ಲಿ ಕಲ್ಲಿನದೊಂದು ಆಸರೆಮನೆ ಕಟ್ಟೋಣ. ಏರಿಯ ಮೇಲೆ ಒಬ್ಬನನ್ನು ಕಾವಲಿಡೋಣ. ಅವನು ತಮಟೆ ಹೊಡೆದರೆ ಎಲ್ಲರೂ ಹೋಗಿ ಅದರಲ್ಲಿ ನಿಲ್ಲೋಣ."

ಸರಿ ಎಂದರು. ಆ ಜಾಗ ಯಾವುದು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮುನ್ನೂರು ಜೀವ ಆ ಒಂದು ಜಾಗವನ್ನು ನೆಚ್ಚಿಕೊಂಡಿತ್ತು.

ಹಿರಿಯನಿಗೆ ಒಬ್ಬ ಅಳಿಯನಿದ್ದ. ಓದಿದವನು, ನೀರು ಹರಿಯುವ ಲೆಕ್ಕ ಬಲ್ಲವನು. ಹೆಂಡತಿಯನ್ನು ಬಾಣಂತನಕ್ಕೆ ಬಿಟ್ಟು ಹೋಗಿದ್ದವನು, ಅವಳನ್ನೂ ಮಗುವನ್ನೂ ಕರೆದುಕೊಂಡು ಹೋಗಲು ಬಂದಿದ್ದ. ಅವನನ್ನು ಕೇಳಿದರು. ಅವನು ಹೇಳಿದ:

"ಆಗದೆ ಇರುವ ಪ್ರವಾಹವನ್ನು ಕಂಪ್ಯೂಟರಿನೊಳಗೆ ಆಗಿಸಿ ನೋಡಬಹುದು ಮಾವ. ಸಿಮ್ಯುಲೇಷನ್ ಎನ್ನುತ್ತಾರೆ. ಆದರೆ ಅಂಗಡಿಯಲ್ಲಿ ಸಿಗುವ ಯಂತ್ರ ಸಾಲದು. ಬಿಡಿಭಾಗ ಒಂದೊಂದನ್ನೂ ಆರಿಸಿ ಜೋಡಿಸಬೇಕು."

"ಹಾಗಾದರೆ ಜೋಡಿಸಿ ಅಳಿಯಂದಿರೇ. ಇಷ್ಟು ವರ್ಷ ಹಬ್ಬಕ್ಕೆ ಬಂದು ಹೋಳಿಗೆ ತಿಂದಿದ್ದೀರಿ, ಊರಿಗೂ ಒಂದು ಕೆಲಸ ಆಗಲಿ" ಎಂದ ಮಾವ. ಜನ ನಕ್ಕರು. ಅಳಿಯನೂ ನಕ್ಕ.

ಪಟ್ಟಣದಲ್ಲಿ ಯಂತ್ರ ಜೋಡಿಸುವ ಒಬ್ಬ ಹೆಂಗಸಿದ್ದಳು. ಅಳಿಯ ಅವಳ ಅಂಗಡಿಗೆ ಹೋದ. ಎಷ್ಟು ಬೆಲೆಯೊಳಗೆ ಬೇಕು ಎಂದು ಅವಳು ಕೇಳಲಿಲ್ಲ. "ಲೆಕ್ಕ ಎಷ್ಟು ದಿನ ಓಡುತ್ತದೆ ಅಣ್ಣ?" ಎಂದು ಕೇಳಿದಳು.

"ಹಗಲೂ ರಾತ್ರಿ, ಒಂಬತ್ತು ದಿನ."

ಅವಳು ಒಂದೊಂದಾಗಿ ತಂದು ಮೇಜಿನ ಮೇಲೆ ಇಟ್ಟಳು. ಪ್ರೊಸೆಸರ್ ಅವನು ಹೇಳಿದ್ದನ್ನೇ ಕೊಟ್ಟಳು. ಗ್ರಾಫಿಕ್ಸ್ ಕಾರ್ಡನ್ನೂ ಅವನು ಹೇಳಿದ್ದನ್ನೇ ಕೊಟ್ಟಳು. ಪವರ್ ಸಪ್ಲೈ ಮಾತ್ರ ಅವನು ಕೇಳಿದ್ದಕ್ಕಿಂತ ದೊಡ್ಡದನ್ನು ಇಟ್ಟಳು. ಫ್ಯಾನುಗಳನ್ನು ಬೆರಳಿನಿಂದ ತಿರುಗಿಸಿ ಕಿವಿಗೊಟ್ಟು ಆರಿಸಿದಳು. ರ್ಯಾಮ್ ಪಟ್ಟಿಗಳ ಹತ್ತಿರ ಬಂದಾಗ ಕೈ ತಡೆದಳು.

"ಯಂತ್ರ ಕೆಲಸ ಮಾಡುವಾಗ ಅಂಕಿಗಳನ್ನು ನೆನಪಿಡುವುದು ಇದು. ಇದರಲ್ಲಿ ಎರಡು ಜಾತಿ. ಒಂದು ಬಲು ಚುರುಕು. ಇನ್ನೊಂದು ನಿಧಾನ. ನಿಧಾನದ್ದು ತಾನು ನೆನಪಿಟ್ಟದ್ದು ಸರಿಯಿದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. ತಪ್ಪಿದ್ದರೆ ತಿದ್ದಿಕೊಳ್ಳುತ್ತದೆ. ತಿದ್ದಲಾಗದಿದ್ದರೆ ನಿಂತುಬಿಡುತ್ತದೆ."

"ಚುರುಕಿನದು ತಪ್ಪುತ್ತದೆಯೇ?"

"ಕೋಟಿಕೋಟಿಗೊಮ್ಮೆ."

ಅಳಿಯ ನಕ್ಕ. "ಕೋಟಿಗೊಂದು ಕಾಳು ಹುಳುಕೆಂದು ಯಾರಾದರೂ ಅನ್ನ ಚೆಲ್ಲುತ್ತಾರೆಯೇ ಅಮ್ಮ?"

"ಆಟ ಆಡುವವರು ಬಂದಿದ್ದರೆ ನಾನೂ ಚುರುಕಿನದನ್ನೇ ಕೊಟ್ಟು ಕಳಿಸುತ್ತಿದ್ದೆ. ತೆರೆಯ ಮೇಲೆ ಒಂದು ಚುಕ್ಕೆಯ ಬಣ್ಣ ತಪ್ಪಿದರೆ ಯಾರಿಗೇನು? ನಿಮ್ಮ ಲೆಕ್ಕ ಹಾಗಲ್ಲ. ಇವತ್ತಿನ ಅಂಕಿ ನಿನ್ನೆಯ ಅಂಕಿಯನ್ನು ತಿಂದು ಬೆಳೆಯುತ್ತದೆ. ತಪ್ಪಿದ್ದು ಅದಕ್ಕೇ ಗೊತ್ತಿರುವುದಿಲ್ಲ. ಸುಳ್ಳು ಹೇಳುವವನ ಮುಖದಲ್ಲಾದರೂ ಏನೋ ಒಂದು ಕಂಡೀತು. ಮರೆತವನ ಮುಖದಲ್ಲಿ ಏನು ಕಾಣುತ್ತದೆ ಅಣ್ಣ?"

ಮಾತು ಅವನಿಗೆ ಹಿಡಿಸಿತು. ಆದರೆ ಅವನ ಮನಸ್ಸಿನಲ್ಲಿ ಬೇರೊಂದು ಇತ್ತು. ನಿಧಾನದ್ದನ್ನು ಹಾಕಿದರೆ, ಅದೇ ಬೆಲೆಗೆ ಅರ್ಧದಷ್ಟೇ ಪಟ್ಟಿ ಬರುತ್ತದೆ. ಆಗ ತೆರೆಯ ಮೇಲೆ ಊರಿನ ಬೀದಿಗಳು ಮಾತ್ರ ಕಾಣುತ್ತವೆ. ಚುರುಕಿನದನ್ನು ಹಾಕಿದರೆ ಒಂದೊಂದು ಮನೆಯ ಹೊಸ್ತಿಲೂ ಕಾಣುತ್ತದೆ. ಮಾವನ ಊರಿನವರ ಮುಂದೆ ಅವರವರ ಹೊಸ್ತಿಲನ್ನು ತೋರಿಸಬೇಕೆಂಬುದು ಅವನ ಆಸೆ. ಅವನು ಚುರುಕಿನದನ್ನೇ ಆರಿಸಿದ. ಎಂಟು ಪಟ್ಟಿ.

ಅವಳು ಜೋಡಿಸಿ ಕೊಟ್ಟಳು. ಕೊಡುವಾಗ ಹೇಳಿದಳು: "ಏನನ್ನೇ ಆಗಲಿ, ಎರಡು ಸಲ ಕೇಳಿ. ಎರಡು ಸಲವೂ ಒಂದೇ ಮಾತು ಬಂದರೆ ಮಾತ್ರ ನಂಬಿ."

ಅವನು ಹೂಂ ಎಂದ.

ಯಂತ್ರವನ್ನು ಊರ ಚಾವಡಿಯಲ್ಲಿಟ್ಟರು. ಅಳಿಯ ನೆಲದ ಏರುತಗ್ಗುಗಳನ್ನೆಲ್ಲ ಅದಕ್ಕೆ ಹೇಳಿದ. ಕೆರೆಯ ನೀರನ್ನು ಹೇಳಿದ. ಏರಿ ಎಲ್ಲಿ ಒಡೆಯಬಹುದೋ ಅದನ್ನೂ ಹೇಳಿದ. ಯಂತ್ರ ಓಡತೊಡಗಿತು. ಫ್ಯಾನುಗಳ ಸದ್ದು ಬೀದಿಗೆ ಕೇಳುತ್ತಿತ್ತು. ಎರಡನೆಯ ದಿನ ಅದರ ಪೆಟ್ಟಿಗೆಯ ಮೇಲೆ ವಿಭೂತಿಯ ಮೂರು ಗೆರೆ ಮೂಡಿತ್ತು. ನಾಲ್ಕನೆಯ ದಿನ ಒಂದು ದಾಸವಾಳ ಬಂತು. ಇಟ್ಟವರು ಯಾರೆಂದು ಯಾರೂ ಹೇಳಲಿಲ್ಲ. ಚಾವಡಿಯ ಮುಂದೆ ಹಾಯುವ ಹೆಂಗಸರು ದನಿ ತಗ್ಗಿಸಿದರು.

ಒಂಬತ್ತನೆಯ ದಿನ ಊರಿಗೆ ಊರೇ ಚಾವಡಿಯಲ್ಲಿ ನೆರೆಯಿತು. ತೆರೆಯ ಮೇಲೆ ಅವರ ಊರು ಕಂಡಿತು. ಬೀದಿ, ಬಾವಿ, ಹೊಸ್ತಿಲು. ಮನುಷ್ಯರು ಮಾತ್ರ ಇರಲಿಲ್ಲ. ಏರಿ ಸದ್ದಿಲ್ಲದೆ ಒಡೆಯಿತು. ನೀರು ಸದ್ದಿಲ್ಲದೆ ಬಂತು. ಮೇಲಿನ ಬೀದಿಗೆ ಬಂತು, ಒಂದು ಬಾಗಿಲು ಹೊಕ್ಕಿತು, ಪಕ್ಕದ ಬಾಗಿಲು ಹೊಕ್ಕಿತು. ತಂತಮ್ಮ ಮನೆ ಮುಳುಗಿದಾಗ ಒಬ್ಬೊಬ್ಬರೂ ಒಂದೊಂದು ಸಲ ಉಸಿರೆಳೆದುಕೊಂಡರು. ಬೇರೆ ಸದ್ದಿರಲಿಲ್ಲ. ಒಬ್ಬ ಮುದುಕಿ, "ಹಸುವಿನ ಹಗ್ಗ ಬಿಚ್ಚಿಲ್ಲವಲ್ಲಪ್ಪ" ಎಂದು ಎದ್ದಳು. ಅವಳನ್ನು ಹಿಡಿದು ಕೂರಿಸಿದರು.

ಊರೆಲ್ಲ ನೀರಾಯಿತು. ಗಾಣದ ಮನೆಯ ಹಿಂದೆ ಮಾತ್ರ ಒಂದು ಕಣದಗಲ ಜಾಗ ಒಣಗಿಯೇ ಉಳಿಯಿತು. ನೀರು ಅದರವರೆಗೆ ಬಂತು. ಬಂದು ಎರಡಾಗಿ ಸೀಳಿತು. ಸುತ್ತುಹಾಕಿ ಮುಂದೆ ಹೋಯಿತು. ಒಳಗೆ ಕಾಲಿಡಲಿಲ್ಲ.

"ಏರಿ ಕಾಯುವ ತಾಯಿ ಏರಿಯಮ್ಮ ಜಾಗ ಕೊಟ್ಟಳು" ಎಂದು ಯಾರೋ ಅಂದರು. ಎಲ್ಲರೂ ಕೈ ಮುಗಿದರು.

ಒಬ್ಬ ಕುಂಬಾರ ಮಾತ್ರ ಮುಗಿಯಲಿಲ್ಲ. "ಅಲ್ಲ ಸ್ವಾಮಿ, ನಾನು ಮಣ್ಣು ತೋಡುವುದು ಅಲ್ಲೇ. ಒಂದು ಹನಿ ಬಿದ್ದರೆ ಊರಿನಲ್ಲಿ ಮೊದಲು ನೀರು ನಿಲ್ಲುವುದು ಅಲ್ಲಿ. ತಗ್ಗು ಅದು" ಎಂದ.

"ನಿನ್ನ ಗಡಿಗೆಗೆ ತಳ ಕೂರುವುದನ್ನು ನೋಡಿಕೋ ಹೋಗು. ಯಂತ್ರಕ್ಕೆ ಪಾಠ ಹೇಳಬೇಡ" ಎಂದ ಒಬ್ಬ. ಜನ ಗೊಳ್ಳೆಂದರು. ಒಂಬತ್ತು ದಿನದಿಂದ ಕಟ್ಟಿದ್ದ ಉಸಿರು ಆ ನಗುವಿನಲ್ಲಿ ಹೊರಬಂತು.

ಅಳಿಯನಿಗೆ ಜೋಡಿಸಿದವಳ ಮಾತು ನೆನಪಾಯಿತು. "ಇನ್ನೊಂದು ಸಲ ಓಡಿಸಿ ನೋಡುತ್ತೇನೆ ಮಾವ" ಎಂದ.

ಆ ಊರಿನಲ್ಲಿ ಏರಿಯಮ್ಮನ ಮುಂದೆ ಹೂ ಕೇಳುವ ಪದ್ಧತಿ ಇತ್ತು. ಅಮ್ಮನ ಮುಡಿಯಿಂದ ಹೂ ಬಲಕ್ಕೆ ಬಿದ್ದರೆ ಮಾಡು ಎಂದರ್ಥ. ಎಡಕ್ಕೆ ಬಿದ್ದರೆ ಬಿಡು ಎಂದರ್ಥ. ಒಂದು ಮಾತಿಗೆ ಒಂದೇ ಹೂ. ಅದೇ ಮಾತನ್ನು ಮತ್ತೆ ಕೇಳಿದರೆ ತಾಯಿಯನ್ನು ಸುಳ್ಳಿ ಎಂದು ಕರೆದಂತೆ.

ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟ. "ನೀವು ಹೊರಗಿನವರು, ನಿಮಗೆ ತಿಳಿಯದು. ನಮ್ಮಲ್ಲಿ ತಾಯಿ ಕೊಟ್ಟ ಹೂವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಮತ್ತೊಂದು ಕೊಡು ಎನ್ನುವುದಿಲ್ಲ."

"ಇದು ಹೂವಲ್ಲ ಮಾವ. ಲೆಕ್ಕ."

"ನೀರು ಹತ್ತಿರ ಬಂದು, ಸುತ್ತು ಹಾಕಿ ಹೋಯಿತು. ಲೆಕ್ಕಕ್ಕೆ ಅಷ್ಟು ಭಯಭಕ್ತಿ ಇರುತ್ತದೆಯೇ ಅಳಿಯಂದಿರೇ?"

ತಗ್ಗನ್ನು ನೀರು ಬಳಸಿ ಹೋಯಿತೆಂದರೆ ಲೆಕ್ಕ ಎಲ್ಲೋ ತಪ್ಪಿದೆ ಎಂದೇ ಅರ್ಥ. ಆ ಮಾತಿಗೆ ಅವನು ಅಂಜಬೇಕಾಗಿತ್ತು. ಅಂಜಲಿಲ್ಲ. ಜನ ಅವನ ಕಡೆ ನೋಡುತ್ತಿದ್ದರು. ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ಹೆಂಡತಿ ನಿಂತಿದ್ದಳು. ಅವಳ ಮುಖ ಬೆಳಗಿತ್ತು. ಅವನು ಯಂತ್ರ ಆರಿಸಿದ.

ಮಾರನೆಯ ದಿನವೇ ಗಾಣದ ಮನೆಯ ಹಿಂದೆ ಗುದ್ದಲಿ ಬಿತ್ತು. ಮನೆಗೊಬ್ಬರಂತೆ ಕಲ್ಲು ಹೊತ್ತರು. ಪಾಯ ತೋಡುವಾಗ ಮೊಣಕಾಲುದ್ದಕ್ಕೇ ಒರತೆ ಬಂತು. ತಾಯಿ ತೀರ್ಥ ಕೊಟ್ಟಳು ಎಂದು ತಲೆಗೆ ಚಿಮುಕಿಸಿಕೊಂಡು ಮೇಲೆ ಕಲ್ಲು ಹಾಕಿದರು.

ಅಳಿಯನಿಗೆ ಆ ಒರತೆಯ ಸುದ್ದಿ ಮುಟ್ಟಿತು. ಯಾರಿಗೂ ಹೇಳದೆ ಅದೇ ಲೆಕ್ಕವನ್ನು ಮತ್ತೆ ಓಡಲು ಬಿಟ್ಟ. ತೆರೆಯ ಮೇಲೆ ಒಂದು ಪಂಚೆ ಹೊದಿಸಿದ. ಸದ್ದು ಕೇಳಿ ಬಂದವರಿಗೆ, ಯಂತ್ರ ಸುಧಾರಿಸಿಕೊಳ್ಳುತ್ತಿದೆ ಎಂದ. ಉಸಿರಾಡುತ್ತಿದೆ ಎಂದು ಅವರು ಒಬ್ಬರಿಗೊಬ್ಬರು ಹೇಳಿಕೊಂಡರು.

ಒಂಬತ್ತನೆಯ ದಿನ, ಎಲ್ಲರೂ ಕಲ್ಲು ಹೊರಲು ಹೋಗಿದ್ದಾಗ, ಪಂಚೆ ಸರಿಸಿದ. ಅದೇ ಊರು. ಅದೇ ನೀರು. ಅದೇ ಬಾಗಿಲುಗಳನ್ನು ಅದೇ ಸರದಿಯಲ್ಲಿ ಹೊಕ್ಕಿತು. ಗಾಣದ ಮನೆಯ ಹಿಂದಕ್ಕೆ ಬಂತು. ಸೀಳಲಿಲ್ಲ. ನೇರವಾಗಿ ಒಳಗೆ ಹೋಯಿತು. ಒಣಗಿದ ಜಾಗ ಈಗ ಸ್ಮಶಾನದಲ್ಲಿತ್ತು. ಅಷ್ಟೇ ಅಗಲ, ಅಷ್ಟೇ ದುಂಡಗೆ. ಗೋರಿಗಳ ನಡುವೆ ನೀರು ಅದನ್ನು ಸುತ್ತಿ ಹೋಯಿತು.

ಅವನು ಮೂರನೆಯ ಸಲ ಓಡಿಸಿದ. ಮತ್ತೆ ಒಂಬತ್ತು ದಿನ. ಈ ಸಲ ಒಣಗಿದ ಜಾಗ ಊರಿನಲ್ಲೆಲ್ಲೂ ಇರಲಿಲ್ಲ. ಅದು ಕೆರೆಯೊಳಗಿತ್ತು. ತುಂಬಿದ ಕೆರೆಯ ನಟ್ಟನಡುವೆ ಒಂದು ಕಣದಗಲ ಒಣನೆಲ. ನೀರು ಅದನ್ನು ಬಳಸಿ ನಿಂತಿತ್ತು.

ಅವನನ್ನು ಹೆದರಿಸಿದ್ದು ಆ ಜಾಗ ನಡೆದಾಡಿದ್ದಲ್ಲ. ಯಂತ್ರದ ಸದ್ದು ಮೂರು ಸಲವೂ ಒಂದೇ ಆಗಿತ್ತು. ಎಲ್ಲೂ ಕೆಂಪು ದೀಪ ಹತ್ತಲಿಲ್ಲ. ಲೆಕ್ಕ ಸರಿಯಾಗಿ ಮುಗಿಯಿತು ಎಂಬ ಸಾಲು ಮೂರು ಸಲವೂ ಬಂತು. ಹಿಂದೆ ಬೇರೆ ಹೇಳಿದ್ದೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಮೂರು ಬೇರೆ ಮಾತನ್ನು ಅದು ಒಂದೇ ಮುಖ ಇಟ್ಟುಕೊಂಡು ಹೇಳಿತ್ತು.

ಅವನು ಎಂಟು ಪಟ್ಟಿಗಳನ್ನೂ ಕಿತ್ತು ಪಟ್ಟಣಕ್ಕೆ ಒಯ್ದು, ಮೂರು ಸಲವೂ ಕಂಡದ್ದನ್ನು ಜೋಡಿಸಿದವಳಿಗೆ ಹೇಳಿದ. ಅವಳು ಒಂದೊಂದನ್ನೂ ಪರೀಕ್ಷಿಸಿದಳು. ಐದನೆಯದನ್ನು ತೆಗೆದು ಪಕ್ಕಕ್ಕಿಟ್ಟಳು.

"ಏಳು ನೆಟ್ಟಗಿವೆ. ಇದೊಂದು ಆಗಾಗ ಮರೆಯುತ್ತದೆ. ನೆಲದ ಎತ್ತರ ಮರೆತಿದೆ ಅಣ್ಣ. ಮರೆತ ಕಡೆ ತನಗೆ ತೋಚಿದ ಒಂದು ಅಂಕಿ ಹಾಕಿಕೊಂಡಿದೆ. ಅಲ್ಲೊಂದು ಗುಡ್ಡ ಎದ್ದಿದೆ. ಇಲ್ಲದ ಗುಡ್ಡವನ್ನು ನೀರು ಸುತ್ತಿಹೋಗಿದೆ." ಆಮೇಲೆ ಅವನ ಮುಖ ನೋಡಿ ಕೇಳಿದಳು: "ಆ ಜಾಗದಲ್ಲಿ ಏನೂ ಕಟ್ಟಿಲ್ಲ ತಾನೇ?"

ಅವನು ಆ ಐದನೆಯ ಪಟ್ಟಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅವಳು ಮತ್ತೆ ಕೇಳಲಿಲ್ಲ. ನಿಧಾನದ ಪಟ್ಟಿಗಳನ್ನೂ ಅವು ಕೂರುವ ಬೇರೆ ಮದರ್‌ಬೋರ್ಡನ್ನೂ ಕೊಟ್ಟು, ಜೋಡಿಸುವ ಬಗೆ ಹೇಳಿಕೊಟ್ಟಳು.

ಈಗ ಒಂದು ಓಟಕ್ಕೆ ಹದಿನಾಲ್ಕು ದಿನ ಹಿಡಿಯಿತು. ಹೊಸ್ತಿಲುಗಳು ಕಾಣಲಿಲ್ಲ, ಬೀದಿಗಳಷ್ಟೇ ಕಂಡವು. ಅವನು ಎರಡು ಸಲ ಓಡಿಸಿದ. ಎರಡು ಸಲವೂ ಅಂಕಿಗೆ ಅಂಕಿ ಕೂಡಿತು. ಊರಿನೊಳಗೆ ನೀರು ಮುಟ್ಟದ ಜಾಗ ಒಂದೂ ಇರಲಿಲ್ಲ. ಗಾಣದ ಮನೆಯ ಹಿಂದೆ ಎರಡಾಳು ಆಳ. ಆದರೆ ಇನ್ನೊಂದನ್ನೂ ಯಂತ್ರ ತೋರಿಸಿತ್ತು. ನೀರು ಹಳ್ಳಕ್ಕೆ ಇಳಿಯಲು ಹೊತ್ತು ಹಿಡಿಯುತ್ತದೆ. ತಮಟೆ ಕೇಳಿದ ಗಳಿಗೆಯಲ್ಲೇ ಬರಿಗೈಯಲ್ಲಿ ಹೊರಟರೆ, ಮುದುಕರನ್ನು ಹೊತ್ತುಕೊಂಡರೂ, ಹಳ್ಳ ದಾಟಿ ಗುಡ್ಡ ಹತ್ತಬಹುದು. ಹೊರಡುವುದು ತಡವಾದರೆ ಆಗದು.

ಅವನು ಓಡಿದ. ಅಂದು ಆಸರೆಮನೆಗೆ ಹೊಸ್ತಿಲ ಪೂಜೆ. ಎಲ್ಲರೂ ಅಲ್ಲಿದ್ದರು. ಅವನು ಎಲ್ಲವನ್ನೂ ಹೇಳಿದ. ಮರೆತ ಪಟ್ಟಿಯನ್ನು ಜೇಬಿನಿಂದ ತೆಗೆದು ತೋರಿಸಿದ. ಅರ್ಧ ಗೇಣುದ್ದದ ಒಂದು ಹಸಿರು ಹಲಗೆ.

ಮಾವ ಅದನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. "ಅವತ್ತು ಮಾತಾಡಿದ್ದು ಇದೋ?"

"ಇದೇ ಮಾವ."

"ಇವತ್ತು ನಿಮ್ಮ ಬಾಯಲ್ಲಿ ಮಾತಾಡುತ್ತಿರುವುದು ಯಾವುದು?"

ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಧೈರ್ಯ ಬರುತ್ತಿತ್ತೇನೋ.

"ಎರಡು ಸಲ ಕೇಳಿದ್ದೇನೆ. ಎರಡೂ ಒಂದೇ ಬಂದಿದೆ" ಎಂದ.

"ಮೊದಲ ಸಲ ಒಮ್ಮೆಯೇ ಕೇಳಿ ತೋರಿಸಿದಿರಿ. ನಾವು ಕಲ್ಲು ಹೊತ್ತೆವು. ಈಗ ನಮಗೆ ತಿಳಿಸದೆ ಮತ್ತೆ ಮತ್ತೆ ಕೇಳಿದಿರಿ. ಎಷ್ಟು ಸಲ ಕೇಳಿದರೆ ತಾಯಿಗೆ ಸಿಟ್ಟು ಬರುತ್ತದೆ ಎಂದು ನಿಮಗೆ ಗೊತ್ತೇ ಅಳಿಯಂದಿರೇ?" ಮಾವನ ದನಿಯಲ್ಲಿ ಕೋಪವಿರಲಿಲ್ಲ. ಅಳಿಯನ ಮೇಲಿನ ಮರುಕವಿತ್ತು.

ಕುಂಬಾರ ಎದ್ದುಹೋದ. ಅವನ ಹಿಂದೆ ನಾಲ್ಕು ಜನ ಎದ್ದರು. ಉಳಿದವರು ಕೂತೇ ಇದ್ದರು. ಪೂಜೆ ಮುಂದುವರಿಯಿತು.

ಅಳಿಯ ಮನೆಗೆ ಬಂದು ಹೆಂಡತಿಗೆ ಹೇಳಿದ: "ಮಗುವನ್ನು ಎತ್ತಿಕೋ. ಇವತ್ತೇ ಹೊರಡೋಣ."

ಅವಳು ಅಲ್ಲಾಡಲಿಲ್ಲ. "ಅಪ್ಪ, ಅವ್ವ, ಊರಿಗೂರೇ ಇಲ್ಲಿ ಇರುವಾಗ ನಾನೊಬ್ಬಳು ಹೇಗೆ ಬರಲಿ? ಆ ಜಾಗ ತೋರಿಸಿದವರು ನೀವೇ ತಾನೇ?" ಎಂದಳು.

ಅವನೂ ಹೊರಡಲಿಲ್ಲ. ಬೀದಿ ಬೀದಿ ಸುತ್ತಿ ಹೇಳಿದ. ಕೇಳಿದವರು ಹೂಂ ಎಂದರು. ಅವರ ಹೂಂ ಎಂಥದು ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಮಳೆ ಬಂತು. ಹಿಡಿದ ಮಳೆ ಬಿಡಲಿಲ್ಲ. ಆರನೆಯ ದಿನ ಮಧ್ಯಾಹ್ನ, ಊಟದ ಹೊತ್ತಿಗೆ, ಏರಿಯ ಮೇಲೆ ಕಾವಲಿದ್ದವನು ತಮಟೆ ಹೊಡೆದ.

ಬಾಗಿಲುಗಳು ತೆರೆದವು. ಜನ ಬೀದಿಗೆ ಬಂದರು. ಬೀದಿಯ ಒಂದು ತುದಿ ಹಳ್ಳ ದಾಟಿ ಗುಡ್ಡಕ್ಕೆ ಹೋಗುತ್ತದೆ. ಇನ್ನೊಂದು ತುದಿ ಗಾಣದ ಮನೆಯ ಹಿಂದಕ್ಕೆ ಹೋಗುತ್ತದೆ. ಅಳಿಯ ನಡುಬೀದಿಯಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ. ಹೆಂಡತಿ ಹೊಸ್ತಿಲ ಮೇಲಿದ್ದಳು. ಮುನ್ನೂರು ಜನ ಒಂದು ಗಳಿಗೆ ಅತ್ತ ನೋಡಿದರು, ಇತ್ತ ನೋಡಿದರು. ಆಮೇಲೆ ಓಡಿದರು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಮೇಷ್ಟ್ರು ತಡೆಯಲಾರದೆ ಕೇಳಿದರು: "ಯಾವ ಕಡೆಗೆ ಓಡಿದರು ಬುದ್ಧಿ?"

"ಗುಡ್ಡದ ಕಡೆಗೆ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಕೈ ಮುಗಿದು ಏಳಲು ಹೊರಟರು. ಗುರುಗಳು ಅವರನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

"ಇನ್ನೊಮ್ಮೆ ಕೇಳು" ಎಂದರು.

ಎರಡನೆಯ ಸಲ ಬೇರೆ ಮಾತು ಬಂದರೆ ಎಂದು ಅಂಜಿ, ಏಳುತ್ತಿದ್ದ ಮೇಷ್ಟ್ರು ಮತ್ತೆ ಕೂತರು.

ಇದನ್ನು ಓದಿದವರು ಇನ್ನೊಬ್ಬರಿಗೆ ಹೇಳಿ. ಹೇಳಿ ಮುಗಿಸಿದ ಮೇಲೆ ಅವರ ಬಾಯಿಂದ ಪೂರ್ತಿ ಹೇಳಿಸಿ ಕೇಳಿ. ಎಲ್ಲಾದರೂ ಒಂದು ಮಾತು ತಪ್ಪಿದ್ದರೆ ತಿದ್ದಿ, ಆಮೇಲೆ ಅವರನ್ನು ಕಳಿಸಿಕೊಡಿ.